ದೇವರಿಗೆ ಹಂಚಲು ಬಾರದು

ದೇವರಿಗೆ ಕೊಡಲು ಗೊತ್ತು, ಹಂಚಲು ಬಾರದು. ಇದು ಕೆರಿಬಿಯನ್ ಸಮುದ್ರದ ಹೈಟಿಯಲ್ಲಿ ಹಳ್ಳಿಗರು ಆಡುವ ಗಾದೆ. ಸೇವೆ ಮಾಡಬೇಕೆಂದು ಅಮೆರಿಕದಿಂದಲೋ ಯುರೋಪಿನಿಂದಲೋ ಅಲ್ಲಿಗೆ ಬಂದಿಳಿಯುವ ಯುವಕ ಯುವತಿಯರು ಈ ಮಾತನ್ನು ಮೊದಲ ಸಲ ಕೇಳಿದಾಗ ಬಡವರ ನಿಟ್ಟುಸಿರೆಂದುಕೊಳ್ಳುತ್ತಾರೆ, ಹಣೆಬರಹಕ್ಕೆ ತಲೆಬಾಗಿದವರ ಮಾತೆಂದು ಬದಿಗಿಡುತ್ತಾರೆ. ಕೆಲವು ತಿಂಗಳು ಅಲ್ಲಿಯೇ ನಿಂತವರಿಗೆ ಅದರ ಮೊನೆ ಚುಚ್ಚತೊಡಗುತ್ತದೆ. ದೇವರು ಕೊಡಬೇಕಾದದ್ದನ್ನು ಕೊಟ್ಟಿದ್ದಾನೆ: ಮಳೆ, ಮಣ್ಣು, ಮಾವು, ಮಕ್ಕಳು. ಯಾರ ಪಾಲಿಗೆ ಎಷ್ಟು ಎಂದು ತೀರ್ಮಾನಿಸುವುದು ಮನುಷ್ಯರಿಗೆ ಬಿಟ್ಟ ಕೆಲಸ, ಕೆಟ್ಟಿರುವುದು ಅಲ್ಲಿ. ದೇವರನ್ನು ಆಪಾದನೆಯಿಂದ ಬಿಡಿಸಿ ಮನುಷ್ಯನನ್ನು ಕಟಕಟೆಗೆ ತಂದು ನಿಲ್ಲಿಸುವ ಗಾದೆ ಇದು.

ಅಮೆರಿಕದ ವೈದ್ಯ ಪಾಲ್ ಫಾರ್ಮರ್ ಈ ಗಾದೆಯನ್ನು ಹೀಗೆಯೇ ಅರ್ಥ ಮಾಡಿಕೊಂಡಿದ್ದರು. 1983ರಲ್ಲಿ, ವೈದ್ಯಕೀಯ ಕಾಲೇಜು ಸೇರುವ ಮೊದಲು, 23ರ ಹರೆಯದಲ್ಲಿ ಅವರು ಹೈಟಿಗೆ ಬಂದರು. ಅದೇ ವರ್ಷ ದೇಶದ ನಡುಭಾಗದ ಮಿರ್‌ಬಲೇ ಪಟ್ಟಣಕ್ಕೆ, ಕಣ್ಣಿನ ಚಿಕಿತ್ಸೆಯ ಸಂಸ್ಥೆಯೊಂದರ ಸ್ವಯಂಸೇವಕಿಯಾಗಿ, ಇಂಗ್ಲೆಂಡಿನಿಂದ 18ರ ಒಫೀಲಿಯಾ ಡಾಲ್ ಬಂದರು. ಮಕ್ಕಳ ಕಥೆಗಾರ ರೋಲ್ಡ್ ಡಾಲ್ ಅವರ ಮಗಳು. ಇಬ್ಬರೂ ಕೈಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲದೆ, ಮನಸ್ಸೊಂದನ್ನೇ ನಂಬಿ ಬಂದವರು.

ಅಂದಿನ ದಿನಗಳಲ್ಲಿ ಫಾರ್ಮರ್ ಲಿಯೋಗಾನ್ ಊರಿನ ಆಸ್ಪತ್ರೆಯೊಂದರಲ್ಲಿ ಓಡಾಡಿಕೊಂಡಿದ್ದರು. ಮಲೇರಿಯಾ ತಗಲಿದ್ದ ಗರ್ಭಿಣಿಯೊಬ್ಬಳಿಗೆ ರಕ್ತ ಕೊಡಬೇಕಾಗಿತ್ತು. ಆಸ್ಪತ್ರೆಯಲ್ಲಿ ರಕ್ತವಿಲ್ಲ, ರಾಜಧಾನಿ ಪೋರ್ಟ್-ಔ-ಪ್ರಿನ್ಸ್‌ಗೆ ಹೋಗಿ ದುಡ್ಡು ಕೊಟ್ಟು ತರಬೇಕು. ಫಾರ್ಮರ್ ಅವರಿವರಲ್ಲಿ ಕೇಳಿ ಒಂದಿಷ್ಟು ಹಣ ಕೂಡಿಸಿದರು. ಗರ್ಭಿಣಿಯ ಅಕ್ಕ ಲಾರಿ ಹತ್ತಿ ಹೋದಳು. ಪ್ರಯಾಣದ ಖರ್ಚು ಕಳೆದರೆ ರಕ್ತಕ್ಕೆ ಹಣ ಸಾಲದೆ ಬರಿಗೈಯಲ್ಲಿ ಹಿಂತಿರುಗಿದಳು. ತಾಯಿಯೂ ಹೋದಳು, ಹೊಟ್ಟೆಯ ಕೂಸೂ ಹೋಯಿತು. ಅಳುತ್ತ ಆ ಅಕ್ಕ ಹೇಳಿದ್ದು ಹೈಟಿಯ ಇನ್ನೊಂದು ನಾಣ್ಣುಡಿ: ತೂ ಮೂನ್ ಸೆ ಮೂನ್, ಎಲ್ಲರೂ ಮನುಷ್ಯರೇ.

ಸ್ವಯಂಸೇವಕನ ಎದುರು ಇಲ್ಲಿ ಒಂದು ಧಾರ್ಮಿಕ ಪ್ರಶ್ನೆ ನೇರವಾಗಿ ಬಂದು ನಿಲ್ಲುತ್ತದೆ. ಫಾರ್ಮರ್ ಮನಸ್ಸು ಚೆನ್ನಾಗಿತ್ತು, ಓಡಾಡಿದರು, ಹಣವನ್ನೂ ಕೂಡಿಸಿದರು. ಆಕೆ ಸತ್ತಳು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ ಅಷ್ಟಕ್ಕೇ ಪೂರ್ಣವೇ? ಮಾಡುವುದಷ್ಟೇ ನಮ್ಮದು, ಫಲ ದೇವರದು ಎಂದು ಕೈಮುಗಿದು ಮನೆಗೆ ಹೋಗಬಹುದೇ? ಹೈಟಿಯ ಇತ್ತೀಚಿನ ಚರಿತ್ರೆ ಈ ಪ್ರಶ್ನೆಯನ್ನು ಮತ್ತೆ ಮತ್ತೆ, ಪ್ರತಿಸಲ ಇನ್ನಷ್ಟು ಕಠಿಣವಾಗಿ ಕೇಳಿದೆ.

2010ರ ಜನವರಿ 12ರ ಸಂಜೆ 4 ಗಂಟೆ 53 ನಿಮಿಷಕ್ಕೆ, ಇದೇ ಲಿಯೋಗಾನ್ ಹತ್ತಿರ, 7.0 ತೀವ್ರತೆಯ ಭೂಕಂಪವಾಯಿತು. ಅಧ್ಯಕ್ಷರ ಅರಮನೆ ಕುಸಿಯಿತು, ಮಹಾಚರ್ಚು ಕುಸಿಯಿತು, ಆರ್ಚ್‌ಬಿಷಪ್ ಜೋಸೆಫ್ ಸೆರ್ಜ್ ಮಿಯೋ ಸತ್ತವರಲ್ಲಿ ಒಬ್ಬರಾದರು. ಸತ್ತವರು ಮೂರು ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರ ಹೇಳಿತು. ಬೇರೆ ಅಧ್ಯಯನಗಳ ಲೆಕ್ಕ ಅದಕ್ಕಿಂತ ತೀರ ಕಡಿಮೆ, ಆದರೆ ಅತಿ ಕಡಿಮೆ ಲೆಕ್ಕವೂ ಹತ್ತಾರು ಸಾವಿರ. ರಾತ್ರಿ ರಾಜಧಾನಿಯ ಬಯಲುಗಳಲ್ಲಿ ಮಲಗಿದ ಜನ ಕತ್ತಲೆಯಲ್ಲಿ ಸ್ತೋತ್ರಗೀತೆಗಳನ್ನು ಹಾಡಿದರು. ಅಲ್ಲಿದ್ದ ವಿದೇಶಿ ಸ್ವಯಂಸೇವಕರೂ ಪತ್ರಕರ್ತರೂ ಅಚ್ಚರಿಪಟ್ಟು ಬರೆದ ಸಂಗತಿ ಇದು. ಮನೆ, ಮಕ್ಕಳು, ಚರ್ಚು ಎಲ್ಲ ಹೋದ ಮೇಲೂ ಇವರು ಯಾರನ್ನು ಹಾಡಿ ಹೊಗಳುತ್ತಿದ್ದಾರೆ?

ಮರುದಿನ ಅಮೆರಿಕದ ಟಿ.ವಿ. ಪ್ರವಚನಕಾರ ಪ್ಯಾಟ್ ರಾಬರ್ಟ್‌ಸನ್ ತಮ್ಮ ಕಾರ್ಯಕ್ರಮದಲ್ಲಿ ಈ ಭೂಕಂಪ ಏಕೆ ಬಂತೆಂಬುದಕ್ಕೆ ಉತ್ತರ ಹೇಳಿಯೇಬಿಟ್ಟರು. ಹೈಟಿಯವರು ಹಿಂದೆ ಫ್ರೆಂಚರಿಂದ ಬಿಡುಗಡೆ ಪಡೆಯಲು ಸೈತಾನನ ಜೊತೆ ಒಪ್ಪಂದ ಮಾಡಿಕೊಂಡಿದ್ದರು, ಅದಕ್ಕೇ ಈ ಶಾಪ ಎಂಬುದು ಅವರ ಮಾತಿನ ಸಾರ. ಅವರ ಮನಸ್ಸಿನಲ್ಲಿದ್ದದ್ದು 1791ರ ಆಗಸ್ಟಿನ ಒಂದು ರಾತ್ರಿ. ಬ್ವಾ ಕೈಮಾನ್ ಕಾಡಿನಲ್ಲಿ ಗುಲಾಮರು ಸೇರಿ, ಬುಕ್‌ಮನ್ ಎಂಬಾತನ ನಾಯಕತ್ವದಲ್ಲಿ, ತಮ್ಮ ವೂಡೂ ಮತದ ಪದ್ಧತಿಯಂತೆ ಬಲಿಪೂಜೆ ನಡೆಸಿ ದಂಗೆಯ ಪ್ರತಿಜ್ಞೆ ಮಾಡಿದರೆಂದು ಹೈಟಿಯ ಜನ ನೆನೆಯುವ ರಾತ್ರಿ ಅದು. ಆ ದಂಗೆ ಹದಿಮೂರನೆಯ ವರ್ಷಕ್ಕೆ, 1804ರ ಜನವರಿ 1ರಂದು, ಸ್ವತಂತ್ರ ಹೈಟಿಯನ್ನು ಹುಟ್ಟಿಸಿತು. ಗುಲಾಮರು ತಮ್ಮ ಸಂಕೋಲೆ ತಾವೇ ಕಡಿದುಕೊಂಡು ಕಟ್ಟಿದ ದೇಶ. ಅಂಥ ಘಟನೆಯನ್ನು ಸೈತಾನನ ಲೆಕ್ಕಕ್ಕೆ ಬರೆಯುವುದು ಸತ್ತವರಿಗೂ ದೇವರಿಗೂ ಮಾಡುವ ಅಪಚಾರ.

ಆದರೆ ಇಂಥ ಮಾತನ್ನು ಒಬ್ಬ ಪ್ರವಚನಕಾರರ ತಲೆಗೇ ಕಟ್ಟಿ ಮುಗಿಸುವಂತಿಲ್ಲ. 1934ರ ಜನವರಿ 15ರಂದು ಬಿಹಾರ ನಡುಗಿತು, ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದವರು ಮಹಾತ್ಮ ಗಾಂಧಿ. ಅಸ್ಪೃಶ್ಯತೆಯ ವಿಷಯದಲ್ಲಿ ಗಾಂಧೀಜಿಯ ಪರವಾಗಿಯೇ ಇದ್ದ ರವೀಂದ್ರನಾಥ ಟಾಗೋರರು ಈ ಮಾತನ್ನು ಒಪ್ಪಲಿಲ್ಲ. ಭೌತಿಕ ಘಟನೆಗೆ ಭೌತಿಕ ಕಾರಣವಿರುತ್ತದೆ, ಅದಕ್ಕೆ ನೀತಿಯ ಲೆಕ್ಕ ಜೋಡಿಸಿದರೆ ಎದುರಾಳಿಗಳೂ ಅದೇ ಭೂಕಂಪವನ್ನು ತಮ್ಮ ಪರ ಸಾಕ್ಷಿಗೆ ಕರೆಯಬಹುದು ಎಂದು ವಾದಿಸಿದರು. ಗಾಂಧೀಜಿ ಆ ಪ್ರತಿಕ್ರಿಯೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಪ್ರಕಟಿಸಿ, ತಮ್ಮ ನಂಬಿಕೆಯನ್ನು ಬಿಡದೆ ಉತ್ತರ ಬರೆದರು. ಆ ವಾದದ ಘನತೆ ದೊಡ್ಡದು. ಗಾಂಧೀಜಿ ಬೆರಳು ತೋರಿಸಿದ್ದು ಬಲವಂತರ ಪಾಪದ ಕಡೆಗೆ, ಬಿದ್ದವರ ಕಡೆಗಲ್ಲ. ಅಷ್ಟು ವ್ಯತ್ಯಾಸ ಮುಖ್ಯ. ಆದರೂ ಮಣ್ಣಿನಡಿ ಸತ್ತ ಕೂಸಿನ ಮಟ್ಟಿಗೆ ಟಾಗೋರರೇ ಸರಿ. ಯಾರದೋ ಪಾಪಕ್ಕೆ ಆ ಕೂಸನ್ನು ಬೆಲೆಯಾಗಿ ಎಣಿಸುವ ದೇವರನ್ನು ಯಾರೂ ಪೂಜಿಸಲಾರರು.

ಭೂಕಂಪಕ್ಕೆ ದೇವರನ್ನು ಹೊಣೆ ಮಾಡುವುದರಲ್ಲಿ ಒಂದು ಅನುಕೂಲವಿದೆ, ಮನುಷ್ಯರ ಲೆಕ್ಕಪತ್ರ ಯಾರೂ ಕೇಳುವುದಿಲ್ಲ. 1755ರ ಲಿಸ್ಬನ್ ಭೂಕಂಪದ ನಂತರ ವೋಲ್ತೇರ್ ದೇವರ ಕರುಣೆಯನ್ನೇ ಪ್ರಶ್ನಿಸಿದಾಗ ವೋಲ್ತೇರರಿಗೆ ಬರೆದ ಪತ್ರದಲ್ಲಿ ರೂಸೋ, ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಲ್ಲ ಎಂದು ನೆನಪಿಸಿದ್ದರು. ಹೈಟಿಗೆ ಆ ಮಾತು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಭೂಕಂಪವಾದ ಆರೂವರೆ ವಾರಕ್ಕೆ, 2010ರ ಫೆಬ್ರುವರಿ 27ರಂದು, ಚಿಲಿಯಲ್ಲಿ 8.8 ತೀವ್ರತೆಯ ಕಂಪನವಾಯಿತು. ಹೊರಬಿದ್ದ ಶಕ್ತಿ ಹೈಟಿಯದರ ಸುಮಾರು ಐನೂರು ಪಟ್ಟು, ಸತ್ತವರು ಐನೂರರ ಆಸುಪಾಸು. ಚಿಲಿಯಲ್ಲಿ ಕಂಪನದ ಕೇಂದ್ರ ಕಡಲಲ್ಲಿತ್ತು, ಹೈಟಿಯಲ್ಲಿ ರಾಜಧಾನಿಯ ಸಮೀಪದಲ್ಲಿತ್ತು ಎಂಬುದು ನಿಜ. ಅಷ್ಟೇ ಕಾರಣವಲ್ಲ. ಚಿಲಿಯ ಕಟ್ಟಡಗಳಲ್ಲಿ ಕಬ್ಬಿಣವಿತ್ತು, ಕಟ್ಟಡದ ಕಾನೂನಿತ್ತು, ಕಾನೂನು ನಡೆಸುವ ಸರ್ಕಾರವಿತ್ತು. ಹೈಟಿಯ ಬೊಕ್ಕಸ ಬರಿದಾಗಿದ್ದಕ್ಕೆ ಹಳೆಯ ಕಥೆಯಿದೆ: 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ, ಕಳೆದುಕೊಂಡ ಗುಲಾಮರಿಗೂ ತೋಟಗಳಿಗೂ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೊಡುವಂತೆ ಬರೆಸಿಕೊಂಡಿತು. 1838ರಲ್ಲಿ ಅದನ್ನು ಒಟ್ಟು 9 ಕೋಟಿಗೆ ಇಳಿಸಿದರು. ಆ ಹಣ ಕಟ್ಟಲು ತಂದ ಸಾಲದ ಬಾಕಿ ತೀರಿದ್ದು 1947ರಲ್ಲಿ. ತಮ್ಮನ್ನು ತಾವೇ ಕೊಂಡುಕೊಂಡ ಜನ ಅವರು. ಆ ದುಡ್ಡಿನಲ್ಲಿ ಎಷ್ಟು ಶಾಲೆ, ಎಷ್ಟು ಆಸ್ಪತ್ರೆ, ಎಷ್ಟು ಗಟ್ಟಿ ಗೋಡೆ ಏಳಬಹುದಿತ್ತು!

ಹಂಚಲು ಬಾರದ್ದು ಯಾರಿಗೆ ಎಂದು ಇಲ್ಲಿ ಬಿಡಿಸಿ ಹೇಳಬೇಕಿಲ್ಲ.

ಭೂಕಂಪದ ನಂತರ ಸ್ವಯಂಸೇವಕರ ಪ್ರವಾಹವೇ ಬಂತು. ವೈದ್ಯರು, ದಾದಿಯರು, ಅಗ್ನಿಶಾಮಕ ದಳದವರು, ಚರ್ಚುಗಳ ತಂಡಗಳು, ಕಾಲೇಜು ಹುಡುಗರು. ಇವರಲ್ಲಿ ಅನೇಕರು ಉಳಿಸಿದ ಜೀವಗಳಿಗೆ ಬೆಲೆ ಕಟ್ಟಲಾಗದು. ಆದರೆ ಆ ಜನವರಿ ಮುಗಿಯುವ ಮೊದಲೇ ಡೊಮಿನಿಕನ್ ಗಣರಾಜ್ಯದ ಗಡಿಯಲ್ಲಿ ಅಮೆರಿಕದ ಹತ್ತು ಮಂದಿ ಬ್ಯಾಪ್ಟಿಸ್ಟ್ ಕ್ರೈಸ್ತರನ್ನು ಹೈಟಿಯ ಪೊಲೀಸರು ತಡೆದರು. ಅವರ ಜೊತೆ 33 ಮಕ್ಕಳಿದ್ದರು, ಕಾಗದಪತ್ರ ಇರಲಿಲ್ಲ. ಅನಾಥರನ್ನು ಉಳಿಸಲು ಕರೆದೊಯ್ಯುತ್ತಿದ್ದೇವೆ, ದೇವರು ನಮಗೆ ಒಪ್ಪಿಸಿದ ಕೆಲಸ ಇದು ಎಂದು ಅವರು ನಂಬಿದ್ದರು. ವಿಚಾರಿಸಿದಾಗ ಬಹುತೇಕ ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದು ತಿಳಿಯಿತು. ಒಳ್ಳೆಯ ಶಾಲೆ, ಒಳ್ಳೆಯ ಊಟ ಸಿಗುತ್ತದೆಂಬ ಮಾತು ನಂಬಿ ಹೆತ್ತವರೇ ಕಳಿಸಿಕೊಟ್ಟಿದ್ದರು.

ಆ ಹತ್ತು ಮಂದಿ ದುಷ್ಟರೆಂದು ಹೇಳುವುದು ಸುಲಭ. ಹಾಗೆ ಹೇಳಿದರೆ ಪ್ರಶ್ನೆ ಕೈತಪ್ಪುತ್ತದೆ. ಅವರು ಪ್ರಾರ್ಥನೆ ಮಾಡಿ, ರಜೆ ಹಾಕಿ ಬಂದ ಸಾಮಾನ್ಯ ಭಕ್ತರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ವಿಚಾರಣೆಯಲ್ಲಿ: ಈ ಮಗುವಿನ ಅಮ್ಮ ಎಲ್ಲಿದ್ದಾಳೆ, ಆಕೆ ಏನು ಅಂದುಕೊಂಡು ಕಳಿಸುತ್ತಿದ್ದಾಳೆ, ಮತ್ತೆ ಯಾವಾಗ ಕಾಣುತ್ತಾಳೆ ಎಂದು ನಿಂತು ಕೇಳುವ ತಾಳ್ಮೆಯಲ್ಲಿ. ದೇವರ ಆಜ್ಞೆ ತನ್ನ ಕಿವಿಗೆ ಬಿದ್ದಿದೆ ಎಂದು ನಂಬಿದವನಿಗೆ ಎದುರಿಗಿರುವ ಮನುಷ್ಯನ ಮಾತು ಕೇಳಿಸದೆ ಹೋಗುವ ಅಪಾಯ ಎಲ್ಲ ಮತಗಳಲ್ಲೂ ಇದೆ.

ಇದಕ್ಕಿಂತ ಭೀಕರವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ ನಡೆಯಿತು. ಮಿರ್‌ಬಲೇ ಹತ್ತಿರದ ಮೇಯ್ ಎಂಬ ಹಳ್ಳಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವಿತ್ತು. ನೇಪಾಳದಿಂದ ಸೈನಿಕರ ಹೊಸ ತುಕಡಿ ಬಂದಿಳಿದಿತ್ತು. ಶಿಬಿರದ ಶೌಚದ ನೀರು ಪಕ್ಕದ ತೊರೆಗೆ ಸೇರುತ್ತಿತ್ತು, ತೊರೆ ಹೈಟಿಯ ಜೀವನದಿ ಆರ್ಟಿಬೊನೀಟನ್ನು ಸೇರುತ್ತದೆ. ಆ ನದಿಯ ನೀರನ್ನೇ ಜನ ಕುಡಿಯುತ್ತಾರೆ, ಅದರಲ್ಲೇ ಮೀಯುತ್ತಾರೆ, ಅದೇ ನೀರಲ್ಲಿ ಭತ್ತ ಬೆಳೆಯುತ್ತಾರೆ. ಕನಿಷ್ಠ ಒಂದು ಶತಮಾನದಿಂದ ಹೈಟಿ ಕಂಡಿರದಿದ್ದ ಕಾಲರಾ ಕೆಲವೇ ದಿನಗಳಲ್ಲಿ ಕಣಿವೆಯುದ್ದಕ್ಕೂ ಹಬ್ಬಿತು. ಮುಂದಿನ ವರ್ಷಗಳಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸುಮಾರು ಹತ್ತು ಸಾವಿರ ಮಂದಿ ಸತ್ತರು. ಕಾಪಾಡಲೆಂದು ಬಂದವರಿಂದಲೇ ಬಂದ ಸಾವು. ಆ ಸೈನಿಕರೂ ಬಡ ದೇಶದ ಮಕ್ಕಳೇ, ತಮ್ಮ ಹೊಟ್ಟೆಯಲ್ಲಿ ಏನು ಹೊತ್ತು ತಂದಿದ್ದೇವೆಂದು ಅವರಿಗೆ ತಿಳಿದಿರಲಿಲ್ಲ.

ಉದ್ದೇಶವಿಲ್ಲದೆ ನಡೆದ ಹಿಂಸೆಗೆ ಪಾಪ ಅಂಟುತ್ತದೆಯೇ? ಭಾರತದ ನೆಲದಲ್ಲಿ ಬೌದ್ಧರೂ ಜೈನರೂ ಬಹಳ ಹಿಂದೆಯೇ ಈ ಪ್ರಶ್ನೆಯ ಮೇಲೆ ಮುಖಾಮುಖಿಯಾದರು. ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ನಿಗಂಠರ, ಎಂದರೆ ಜೈನರ, ಗೃಹಸ್ಥ ಶಿಷ್ಯ ಉಪಾಲಿ ಬುದ್ಧನನ್ನು ವಾದದಲ್ಲಿ ಸೋಲಿಸಲೆಂದೇ ಬರುತ್ತಾನೆ. ಪಾಪಕರ್ಮದಲ್ಲಿ ದೇಹದ ಕ್ರಿಯೆಯೇ ಅತಿ ಭಾರವಾದದ್ದು ಎಂಬುದು ಅವನ ಗುರುಗಳ ಪಕ್ಷ, ಮನಸ್ಸಿನ ಕ್ರಿಯೆಯೇ ಭಾರವಾದದ್ದು ಎಂಬುದು ಬುದ್ಧನ ಪಕ್ಷ. ಬೌದ್ಧ ಗ್ರಂಥವಾದ್ದರಿಂದ ಅಲ್ಲಿ ಗೆಲ್ಲುವವನು ಬುದ್ಧ. ಜೈನರ ಸೂತ್ರಕೃತಾಂಗ ಇದೇ ಬೌದ್ಧ ನಿಲುವನ್ನು ಕಟುವಾಗಿ ಟೀಕಿಸುತ್ತದೆ: ತಿಳಿಯದೆ ಕೊಂದರೂ ಕೊಂದದ್ದು ಕೊಂದದ್ದೇ ಅಲ್ಲವೇ ಎಂಬುದು ಅದರ ಪಟ್ಟು. ಮುಂದೆ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣ ಹೇಳುವಾಗ ಉದ್ದೇಶ, ಪರಿಣಾಮ ಎರಡರ ನಡುವೆ ಮೂರನೆಯದೊಂದನ್ನು ತಂದು ನಿಲ್ಲಿಸುತ್ತದೆ, ಅದು ಪ್ರಮಾದ. ಎಚ್ಚರ ತಪ್ಪಿದವನ ನಡೆಯಿಂದ ಪ್ರಾಣಕ್ಕೆ ಕುತ್ತು ಬಂದರೆ ಅದು ಹಿಂಸೆ. ಶ್ರವಣಬೆಳಗೊಳದಲ್ಲಿ ದಿಗಂಬರ ಮುನಿಗಳು ಕೂರುವ ಮೊದಲು ನವಿಲುಗರಿಯ ಪಿಂಛಿಯಿಂದ ನೆಲವನ್ನು ಮೆಲ್ಲಗೆ ಸವರುವುದನ್ನು ಕಂಡ ಕನ್ನಡಿಗರಿಗೆ ಈ ವಿಚಾರ ಪುಸ್ತಕದ್ದಾಗಿ ಉಳಿದಿಲ್ಲ. ಇರುವೆಯನ್ನು ಕೊಲ್ಲುವ ಇಚ್ಛೆ ತನಗಿಲ್ಲ ಎಂಬುದು ಆ ಮುನಿಗೆ ಸಾಲದು. ಕೂರುವ ಜಾಗದಲ್ಲಿ ಇರುವೆ ಇದೆಯೇ ಎಂದು ನೋಡುವ ಹೊಣೆಯೂ ಅವನದೇ.

ಮೇಯ್ ಹಳ್ಳಿಯಲ್ಲಿ ಕೊಲ್ಲುವ ಇಚ್ಛೆ ಯಾರಿಗೂ ಇರಲಿಲ್ಲ, ಅಲ್ಲಿ ನಡೆದದ್ದು ಪ್ರಮಾದ. ವಿಶ್ವಸಂಸ್ಥೆ ನೇಮಿಸಿದ ತಜ್ಞರ ತಂಡ 2011ರ ವರದಿಯಲ್ಲಿ ಶಿಬಿರದ ಶೌಚವ್ಯವಸ್ಥೆಯ ದೋಷಗಳನ್ನು ಗುರುತಿಸಿತು. ಆದರೆ ದುರಂತಕ್ಕೆ ಹಲವು ಸನ್ನಿವೇಶಗಳು ಕೂಡಿಬಂದದ್ದು ಕಾರಣ, ಅದು ಯಾರೊಬ್ಬರ ತಪ್ಪೂ ಅಲ್ಲ ಎಂದು ಮುಗಿಸಿತು. 2013ರಲ್ಲಿ ಅದೇ ತಜ್ಞರು, ಆಗ ವಿಶ್ವಸಂಸ್ಥೆಯ ಕೆಲಸದಿಂದ ಹೊರಗಿದ್ದು, ಆ ಶಿಬಿರವೇ ಮೂಲವಾಗಿರುವ ಸಾಧ್ಯತೆ ಹೆಚ್ಚು ಎಂದು ಬರೆದರು. ಸಂತ್ರಸ್ತರು ಪರಿಹಾರ ಕೇಳಿದಾಗ ಸಂಸ್ಥೆ ಮೊಕದ್ದಮೆಗಳಿಂದ ತನಗೆ ವಿನಾಯಿತಿ ಕೊಡುವ 1946ರ ಒಡಂಬಡಿಕೆಯ ರಕ್ಷಣೆಯನ್ನು ಮುಂದಿಟ್ಟಿತು, ಅಮೆರಿಕದ ನ್ಯಾಯಾಲಯಗಳು ಅದನ್ನು ಎತ್ತಿಹಿಡಿದವು. 2016ರ ಡಿಸೆಂಬರ್ 1ರಂದು, ಅಧಿಕಾರ ಬಿಡಲು ಒಂದು ತಿಂಗಳಿರುವಾಗ, ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ಮಹಾಸಭೆಯಲ್ಲಿ ಹೈಟಿಯ ಜನರ ಕ್ಷಮೆ ಕೇಳಿದರು. ಅವರ ಕ್ರಿಯೋಲ್ ನುಡಿಯಲ್ಲೂ ಹೇಳಿದರು. ಕಾಲರಾ ವಿಷಯದಲ್ಲಿ ಮಾಡಬೇಕಾದಷ್ಟು ಮಾಡಲಿಲ್ಲ ಎಂದರು, ತಂದವರು ನಾವು ಎನ್ನಲಿಲ್ಲ. 40 ಕೋಟಿ ಡಾಲರ್‌ಗಳ ಯೋಜನೆ ಘೋಷಿಸಿದರು, ಅದರಲ್ಲಿ ಕೂಡಿದ್ದು ತೀರ ಚಿಕ್ಕ ಪಾಲು. ಕ್ಷಮೆಯ ಮಾತನ್ನು ಹಗುರ ಮಾಡಬೇಕಿಲ್ಲ, ಅಷ್ಟು ದೊಡ್ಡ ಸಂಸ್ಥೆ ತಲೆ ಬಾಗಿಸಿದ್ದು ಸಣ್ಣ ವಿಷಯವಲ್ಲ. ಆದರೆ ಪ್ರಾಯಶ್ಚಿತ್ತವಿಲ್ಲದ ಪಶ್ಚಾತ್ತಾಪವನ್ನು ಹಲವು ಧರ್ಮಗಳು ಪೂರ್ಣವೆಂದು ಒಪ್ಪಿಲ್ಲ. ಹೈಟಿಯವರು ಹೇಳುವ ಮಾತೊಂದಿದೆ: ಹೊಡೆದವನು ಮರೆಯುತ್ತಾನೆ, ಗಾಯದ ಗುರುತು ಹೊತ್ತವನು ನೆನಪಿಡುತ್ತಾನೆ.

ಹೊಣೆ ಹೊರಬೇಕಾದವರು ಹೊರದಿದ್ದರೆ ಅದು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಬಲವಿಲ್ಲದವರ ತಲೆಯ ಮೇಲೆ ಬೀಳುತ್ತದೆ. 2010ರ ಕೊನೆಯಲ್ಲಿ, ಕಾಲರಾವನ್ನು ಮಾಟದಿಂದ ಹಬ್ಬಿಸುತ್ತಿದ್ದಾರೆಂಬ ವದಂತಿಗೆ ಹೈಟಿಯಲ್ಲಿ ಕನಿಷ್ಠ 45 ಜನರನ್ನು ಗುಂಪುಗಳು ಕೊಂದವು. ಸತ್ತವರಲ್ಲಿ ಹೆಚ್ಚಿನವರು ವೂಡೂ ಪೂಜಾರಿಗಳು. ಆ ಮತದ ಆಗಿನ ಪರಮಗುರು ಮ್ಯಾಕ್ಸ್ ಬೋವ್ವಾರ್, ಜೀವರಸಾಯನಶಾಸ್ತ್ರ ಓದಿದ ವಿದ್ವಾಂಸರು, ಕೊಲೆಗಳನ್ನು ತಡೆಯುವಂತೆ ಸರ್ಕಾರಕ್ಕೆ ಮೊರೆಯಿಟ್ಟರು. ಹೊರಗಿನವರು ಇದನ್ನು ಮೂಢನಂಬಿಕೆಯ ಕಥೆಯಾಗಿ ಓದಿದರು. ಆದರೆ ಇದ್ದಕ್ಕಿದ್ದಂತೆ ಮಕ್ಕಳು ಒಣಗಿ ಸಾಯತೊಡಗಿದಾಗ, ಇದನ್ನು ಯಾರೋ ತಂದಿದ್ದಾರೆ ಎಂಬ ಜನರ ಗುಮಾನಿ ಸುಳ್ಳಾಗಿರಲಿಲ್ಲ. ಯಾರು ಎಂಬುದು ತಪ್ಪಾಯಿತು, ಸತ್ಯ ಬಲ್ಲವರು ಸುಮ್ಮನಿದ್ದರು.

ನಂಬಿಕೆಯ ವಿಷಯದಲ್ಲಿ ಫಾರ್ಮರ್ ಕಲಿತ ಪಾಠ ಇನ್ನೂ ಸೂಕ್ಷ್ಮವಾದದ್ದು. ಅವರು ನೆಲೆನಿಂತ ಕಾಂಜ್ ಎಂಬ ಊರು ಪೆಲಿಗ್ರ್ ಅಣೆಕಟ್ಟಿನ ಮೇಲಿನ ಗುಡ್ಡದಲ್ಲಿದೆ. 1950ರ ದಶಕದಲ್ಲಿ ಆರ್ಟಿಬೊನೀಟ್ ನದಿಗೆ ಅಡ್ಡಲಾಗಿ ಕಟ್ಟಿದ ಆ ಅಣೆಕಟ್ಟು ಕಣಿವೆಯ ಒಳ್ಳೆಯ ಹೊಲಗಳನ್ನೆಲ್ಲ ಮುಳುಗಿಸಿತು. ವಿದ್ಯುತ್ತು ರಾಜಧಾನಿಯ ಕಡೆಗೆ ಹೋಯಿತು, ರೈತರು ಕಲ್ಲುಗುಡ್ಡ ಹತ್ತಿದರು. ಹೈಟಿಯ ಪಾದ್ರಿ ಫ್ರಿಟ್ಜ್ ಲಾಫೊಂಟಾನ್ ಆ ನಿರಾಶ್ರಿತರ ನಡುವೆ ಮೊದಲೇ ಕೆಲಸ ಹೂಡಿದ್ದರು. ಫಾರ್ಮರ್ ಮತ್ತು ಡಾಲ್ ಸೇರಿಕೊಂಡದ್ದು ಅವರ ಜೊತೆಗೆ. ಅಲ್ಲಿ ಬೆಳೆದ ‘ಜಾನ್ಮಿ ಲಾಸಾಂತೆ’ ಸಂಸ್ಥೆಯ ಬೆನ್ನಿಗೆ ನಿಲ್ಲಲು 1987ರಲ್ಲಿ ಬಾಸ್ಟನ್‌ನಲ್ಲಿ ‘ಪಾರ್ಟ್‌ನರ್ಸ್ ಇನ್ ಹೆಲ್ತ್’ ಹುಟ್ಟಿತು.

ಕಾಂಜ್‌ನಲ್ಲಿ ಕ್ಷಯರೋಗಿಗಳು ಉಚಿತವಾಗಿ ಮಾತ್ರೆ ಕೊಟ್ಟರೂ ಸಾಯುತ್ತಿದ್ದರು. ಕಾಯಿಲೆ ಮಾಟದಿಂದ ಬಂದದ್ದೆಂದು ನಂಬುವುದರಿಂದ ಅವರು ಮಾತ್ರೆ ಬಿಡುತ್ತಾರೆ ಎಂಬ ವಾದವಿತ್ತು. ಫಾರ್ಮರ್ ಮತ್ತು ಸಂಗಡಿಗರು ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಎರಡಕ್ಕೂ ಮಾತ್ರೆ ಉಚಿತ. ಒಂದು ಗುಂಪಿಗೆ ಅದರ ಜೊತೆ ಊಟಕ್ಕೂ ಓಡಾಟಕ್ಕೂ ತಿಂಗಳಿಗಿಷ್ಟು ಹಣ, ಮನೆಗೆ ಬಂದು ವಿಚಾರಿಸುವ ಊರಿನದೇ ಆರೋಗ್ಯ ಕಾರ್ಯಕರ್ತರು. ಮಾತ್ರೆ ಮಾತ್ರ ಪಡೆದವರಲ್ಲಿ ಗುಣವಾದವರು ಶೇ. 48, ಇನ್ನೊಂದು ಗುಂಪಿನಲ್ಲಿ ಎಲ್ಲರೂ ಗುಣವಾದರು. ಮಾಟವನ್ನು ನಂಬುವುದಕ್ಕೂ ಗುಣವಾಗುವುದಕ್ಕೂ ಸಂಬಂಧವೇ ಕಾಣಲಿಲ್ಲ. ಮಾಟ ಮಾಡಿದವರು ಯಾರೆಂದು ತನಗೆ ಗೊತ್ತು ಎನ್ನುತ್ತಲೇ ಮಾತ್ರೆಗಳನ್ನು ತಪ್ಪದೆ ನುಂಗಿದ ವೃದ್ಧೆಯೊಬ್ಬರಿಗೆ, ಹಾಗಾದರೆ ಔಷಧ ಏಕೆ ಎಂದು ಫಾರ್ಮರ್ ಕೇಳಿದ್ದರಂತೆ. ಸರಳವಲ್ಲದ ವಿಷಯ ನಿನಗೆ ಅರ್ಥವೇ ಆಗುವುದಿಲ್ಲವೇ ಮಗು ಎಂಬಂತೆ ಆಕೆ ಗದರಿಸಿದರು. ಆಕೆಯ ಲೋಕದಲ್ಲಿ ರೋಗಾಣುವಿಗೂ ಜಾಗವಿತ್ತು, ನೆರೆಯವರ ಹೊಟ್ಟೆಕಿಚ್ಚಿಗೂ ಜಾಗವಿತ್ತು. ರೋಗಾಣು ಹೇಗೆ ಬಂತು ಎಂಬುದಕ್ಕೆ ವಿಜ್ಞಾನದ ಉತ್ತರ ಸಾಕು, ಅದು ತನ್ನ ಮನೆಗೇ ಏಕೆ ಬಂತು ಎಂಬುದಕ್ಕೆ ಬೇರೆ ಉತ್ತರ ಬೇಕು.

ಜುಲೈ 16ರಂದು ಮಿರ್‌ಬಲೇ ಸೀಮೆಯ ಸೊದೊ ಜಲಪಾತದ ಜಾತ್ರೆಗೆ ಹೋದ ಹೊರಗಿನವರು ಈ ಎರಡು ಲೋಕಗಳ ಒಡನಾಟವನ್ನು ಕಣ್ಣಾರೆ ಕಾಣುತ್ತಿದ್ದರು. ಅದು ಮೌಂಟ್ ಕಾರ್ಮೆಲ್ ಮಾತೆಯ ಹಬ್ಬ. 19ನೆಯ ಶತಮಾನದಲ್ಲಿ ಅಲ್ಲಿನ ತಾಳೆಮರವೊಂದರ ಮೇಲೆ ಮೇರಿ ಮಾತೆ ಕಾಣಿಸಿಕೊಂಡಳೆಂಬ ನಂಬಿಕೆ, ವೂಡೂ ಭಕ್ತರಿಗೆ ಆಕೆಯೇ ಎಜಿಲಿ ದೇವತೆ. ಚರ್ಚಿನಲ್ಲಿ ಪೂಜೆಗೆ ನಿಂತವರೇ ಜಲಪಾತಕ್ಕೆ ಇಳಿಯುತ್ತಿದ್ದರು. ಸೋಪು ಹಚ್ಚಿ, ಸುವಾಸನೆಯ ಸೊಪ್ಪಿನಿಂದ ಮೈಯುಜ್ಜಿಕೊಂಡು, ಹಳೆಯ ಬಟ್ಟೆಯನ್ನು ನೀರಿಗೆ ಬಿಡುತ್ತಿದ್ದರು, ಮರಗಳ ಬುಡದಲ್ಲಿ ಮೇಣದಬತ್ತಿ ಹಚ್ಚುತ್ತಿದ್ದರು, ಬಣ್ಣದ ದಾರ ಕಟ್ಟಿ ಹರಕೆ ಹೊರುತ್ತಿದ್ದರು. ಬೋರ್ಗರೆಯುವ ನೀರಿನಡಿ ಕೆಲವರ ಮೈಮೇಲೆ ದೇವರು ಬರುತ್ತಿತ್ತು, ಪಕ್ಕದವರು ಬಂಡೆಗೆ ತಲೆ ತಾಗದಂತೆ ಹಿಡಿದುಕೊಳ್ಳುತ್ತಿದ್ದರು. ಅಲ್ಲಿ ಸ್ವಯಂಸೇವಕನಿಗೆ ಮಾಡಲು ಏನೂ ಕೆಲಸವಿರಲಿಲ್ಲ. ಜಾತ್ರೆಯಲ್ಲಿ ಅವನು ಯಾರನ್ನೂ ಉದ್ಧರಿಸಬೇಕಿರಲಿಲ್ಲ. ಅದೇ ಅವನಿಗೆ ಆಗುತ್ತಿದ್ದ ದೊಡ್ಡ ಉಪಕಾರ.

ಕೆಲಸವೇ ಬೇಡ, ಬರೀ ನೋಡಲು ಬನ್ನಿ ಎಂದವರೂ ಇದ್ದಾರೆ. ಕ್ಯಾಥೊಲಿಕ್ ಚಿಂತಕ ಇವಾನ್ ಇಲಿಚ್ 1956ರಿಂದ 1960ರವರೆಗೆ ಇನ್ನೊಂದು ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದಲ್ಲಿ, ಪೊನ್ಸೆಯ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿದ್ದರು. ಹೊರಗಿನಿಂದ ಬರುವ ಪಾದ್ರಿಗಳಿಗೂ ಸನ್ಯಾಸಿನಿಯರಿಗೂ ಅಲ್ಲಿನ ನುಡಿ, ಬದುಕು ಕಲಿಸುವ ಕೇಂದ್ರ ನಡೆಸಿದರು. 1968ರ ಏಪ್ರಿಲಿನಲ್ಲಿ, ಮೆಕ್ಸಿಕೊದ ಕುಯೆರ್ನವಾಕದಲ್ಲಿ, ಸೇವೆಗೆಂದು ಹೊರಟು ನಿಂತಿದ್ದ ಅಮೆರಿಕದ ವಿದ್ಯಾರ್ಥಿಗಳೆದುರು ನಿಂತು ನಿಮ್ಮ ಸದುದ್ದೇಶ ಯಾರಿಗೂ ಬೇಡ ಎಂದು ಖಂಡತುಂಡವಾಗಿ ಹೇಳಿದರು. ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯಕ್ಕೆ ಬರಬೇಡಿ ಎಂಬುದು ಅವರ ವಾದ. ಅರ್ಧ ಸತ್ಯವಲ್ಲ ಅದು, ಮುಕ್ಕಾಲು ಸತ್ಯ. ನುಡಿ ತಿಳಿಯದೆ, ಒಂದೆರಡು ವಾರಕ್ಕೆಂದು ಬಂದು, ಊರವರೇ ಕಟ್ಟಬಲ್ಲ ಗೋಡೆ ಕಟ್ಟಿ, ಮಕ್ಕಳೊಂದಿಗೆ ಫೋಟೊ ತೆಗೆಸಿಕೊಂಡು ಹೋಗುವುದರಿಂದ ಆ ಊರಿಗೆ ಏನೂ ದಕ್ಕುವುದಿಲ್ಲ. ಉಳಿದ ಕಾಲು ಭಾಗವನ್ನು ಇಲಿಚ್ ಕೈಬಿಟ್ಟರು. ಲಿಯೋಗಾನ್‌ನ ಆ ಅಕ್ಕನಿಗೆ ಬೇಕಾಗಿದ್ದದ್ದು ತನ್ನ ನಾಡಿನ ಸೊಬಗನ್ನು ಮೆಚ್ಚುವವರಲ್ಲ, ರಕ್ತ. ಫಾರ್ಮರ್ ಹಿಂದಿರುಗಿ ಹೋಗಿ ವೈದ್ಯಕೀಯ ಓದಿದರು, ಕ್ರಿಯೋಲ್ ಕಲಿತರು, ಮತ್ತೆ ಮತ್ತೆ ಬಂದರು. 2022ರ ಫೆಬ್ರುವರಿಯಲ್ಲಿ ರುವಾಂಡಾದಲ್ಲಿ ತೀರಿಕೊಳ್ಳುವವರೆಗೂ ಆ ಋಣ ಬಿಡಲಿಲ್ಲ. ಪೆರುವಿನ ಪಾದ್ರಿ ಗುಸ್ತಾವೊ ಗುಟಿಯೆರೆಜ್ ಅವರ ವಿಮೋಚನಾ ದೇವತಾಶಾಸ್ತ್ರ ಅವರಿಗೆ ದಾರಿ ತೋರಿತ್ತು. ದೇವರ ಒಲವು ಮೊದಲು ಬಡವರ ಕಡೆಗೆ ಎನ್ನುವ ಆ ಚಿಂತನೆಯನ್ನು ಅವರು ವೈದ್ಯನ ದಿನಚರಿಗೆ ಇಳಿಸಿದರು: ಕಾಯಿಲೆ ಬಡವರನ್ನೇ ಹುಡುಕಿಕೊಂಡು ಹೋಗುತ್ತದೆ, ಆದ್ದರಿಂದ ವೈದ್ಯನೂ ಅಲ್ಲಿಗೇ ಹೋಗಬೇಕು.

ಅಲ್ಲಿಯೇ ಉಳಿದವರಿಗೆ ಹೈಟಿಯವರ ಹಂಚಿಕೆಯೂ ಕಾಣುತ್ತದೆ. ಹೊಲ ಅಗೆಯುವ ಕಾಲಕ್ಕೆ ನೆರೆಹೊರೆಯವರು ಸೇರುವ ‘ಕೊನ್ಬಿಟ್’ ನಮ್ಮ ಹಳ್ಳಿಗಳ ಮುಯ್ಯಾಳಿನ ಹಾಗೆಯೇ: ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಡೋಲು ಬಡಿಯುವವನ ಗತಿಗೆ ಗುದ್ದಲಿಗಳು ಒಟ್ಟಿಗೆ ಏಳುತ್ತವೆ, ಕೊನೆಗೆ ಹೊಲದ ಯಜಮಾನ ಎಲ್ಲರಿಗೂ ಊಟ ಹಾಕುತ್ತಾನೆ. ಜನವರಿ 1 ಬಂತೆಂದರೆ ಮನೆಮನೆಯಲ್ಲೂ ಕುಂಬಳದ ಸೂಪು. ಜೂಮೂ ಎಂಬ ಹಳದಿ ಕುಂಬಳವನ್ನು ಬೇಯಿಸಿ ಅರೆದು, ಅದರಲ್ಲಿ ಗೋಮಾಂಸ, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್, ಶಾವಿಗೆ, ಖಾರದ ಮೆಣಸಿನಕಾಯಿ ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಈ ಸೂಪನ್ನು ಮಾಡುತ್ತಿದ್ದವರು ಕಪ್ಪು ಜನ, ಉಣ್ಣುವ ಹಕ್ಕಿದ್ದದ್ದು ಒಡೆಯರಿಗೆ. ಬಿಡುಗಡೆಯ ದಿನದಿಂದ ಅದು ಎಲ್ಲರ ಊಟವಾಯಿತು. 2021ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಬೆಳಗ್ಗೆ ಬಟ್ಟಲುಗಳು ಬೇಲಿ ದಾಟಿ ಅತ್ತಿತ್ತ ಓಡಾಡುತ್ತವೆ. ಪರದೇಶಿ ಸ್ವಯಂಸೇವಕನ ಕೈಗೂ ಒಂದು ಬಟ್ಟಲು ಬರುತ್ತದೆ. ಕೊಡುವವನೆಂದು ತನ್ನನ್ನು ಎಣಿಸಿಕೊಂಡು ಬಂದವನಿಗೆ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ಸುಲಭದ ಸಾಧನೆಯಲ್ಲ. ಆದರೆ ತೆಗೆದುಕೊಳ್ಳಲು ಒಪ್ಪದವನ ಕೊಡುಗೆ ಎದುರಿನವನನ್ನು ಎಂದೆಂದಿಗೂ ಸಾಲಗಾರನಾಗಿಯೇ ಇಡುತ್ತದೆ. ಸಾಲ ಏನೆಂಬುದು ಹೈಟಿಗೆ ಚೆನ್ನಾಗಿ ಗೊತ್ತು.

ಭೂಕಂಪದ ನಂತರ ಪಾರ್ಟ್‌ನರ್ಸ್ ಇನ್ ಹೆಲ್ತ್ ಕಟ್ಟಿದ ದೊಡ್ಡ ಬೋಧನಾ ಆಸ್ಪತ್ರೆ ಮಿರ್‌ಬಲೇಯಲ್ಲಿ 2013ರಲ್ಲಿ ಬಾಗಿಲು ತೆರೆಯಿತು. 300 ಹಾಸಿಗೆ, ಚಾವಣಿಯ ತುಂಬ ಸೌರಫಲಕ, ಹೈಟಿಯವರೇ ಆದ ವೈದ್ಯರನ್ನು ತಯಾರು ಮಾಡುವ ವ್ಯವಸ್ಥೆ. 2022ರ ಅಕ್ಟೋಬರಿನಲ್ಲಿ, ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಣದಿದ್ದ ಕಾಲರಾ ಮರಳಿತು. 2024ರ ನವೆಂಬರಿನಲ್ಲಿ ರಾಜಧಾನಿಯ ಮೇಲೆ ಹಾರುವ ವಿಮಾನಗಳಿಗೆ ಗುಂಡು ತಗಲಿದ ಮೇಲೆ ಅಮೆರಿಕದ ವಿಮಾನಗಳು ಅಲ್ಲಿಗೆ ಹೋಗುವುದು ನಿಂತಿತು. 2025ರ ಮಾರ್ಚ್ ಕೊನೆಗೆ ಶಸ್ತ್ರಧಾರಿ ಗುಂಪುಗಳು ಮಿರ್‌ಬಲೇಗೆ ನುಗ್ಗಿದವು, ಸೊದೊ ಊರೂ ಅವುಗಳ ವಶವಾಯಿತು, ಆಸ್ಪತ್ರೆಯನ್ನು ಖಾಲಿ ಮಾಡಬೇಕಾಯಿತು. ಹೊರಗಿನ ಸ್ವಯಂಸೇವಕರು ಬರುವುದು ಈಗ ಬಹಳ ಕಷ್ಟ. ಜಾನ್ಮಿ ಲಾಸಾಂತೆಯ ಸಿಬ್ಬಂದಿ ಬಹುತೇಕ ಹೈಟಿಯವರೇ, ಅವರು ಇತರ ಕೇಂದ್ರಗಳಲ್ಲಿ ಕೆಲಸ ಮುಂದುವರಿಸಿದ್ದಾರೆ. ಮನಸ್ಸಿನ ಕೊರತೆ ಅವರಲ್ಲಿಲ್ಲ. ಅವರಿಗೆ ಬೇಕಾಗಿರುವುದು ಔಷಧ, ಆಮ್ಲಜನಕ, ಜನರೇಟರಿಗೆ ಡೀಸೆಲ್, ತಿಂಗಳ ಸಂಬಳ, ಮತ್ತು 2016ರಲ್ಲಿ ಮಹಾಸಭೆಯ ಮುಂದೆ ಮಾತು ಕೊಟ್ಟ 40 ಕೋಟಿ ಡಾಲರ್‌ಗಳಲ್ಲಿ ಇನ್ನೂ ಬಾರದೆ ಉಳಿದ ಪಾಲು.